ಮಿಲ್ಲಿನ ಗೇಟು, ಸಿನಿಮಾ ಸೆಟ್ಟು

ಬೆಂಗಳೂರಿನ ಮಾಗಡಿ ರಸ್ತೆಯ ಗೋಪಾಲಪುರದಲ್ಲಿರುವ ಮಿನರ್ವ ಮಿಲ್ ಒಬ್ಬೊಬ್ಬರಿಗೆ ಒಂದೊಂದು ಬಗೆಯಲ್ಲಿ ಗೊತ್ತು. ಕಾನೂನು ಓದಿದವರಿಗೆ ಅದು ಸುಪ್ರೀಂ ಕೋರ್ಟಿನ 1980ರ ತೀರ್ಪು. ಗಾಂಧಿನಗರದ ಸಿನಿಮಾ ಮಂದಿಗೆ ಊರೊಳಗೇ ಸೆಟ್ ಹಾಕಲು ಸಿಗುವ ದೊಡ್ಡ ಜಾಗ. ಬಿನ್ನಿಪೇಟೆ, ಕಾಟನ್‌ಪೇಟೆ, ಅಗ್ರಹಾರ ದಾಸರಹಳ್ಳಿಯ ಹಳಬರಿಗೆ ಮಾತ್ರ ಅದು ಇವತ್ತಿಗೂ ಮಿಲ್ಲು: ಮೂರು ಪಾಳಿಯ ಕೆಲಸ, ಸೈರನ್ನು, ಗೇಟಿನ ಮುಂದಿನ ಸಭೆ. ನೂಲು ನಿಂತು ವರ್ಷಗಳೇ ಕಳೆದ ಮೇಲೂ ಆ ಆವರಣ ಖಾಲಿ ಬಿದ್ದಿಲ್ಲ. ಅಲ್ಲಿ ಹಳ್ಳಿ, ಜೈಲು, ಪೊಲೀಸ್ ಠಾಣೆ, ಪೇಟೆ ಬೀದಿಗಳು ಎದ್ದು, ವಾರ ಕಳೆಯುವುದರೊಳಗೆ ಬಿದ್ದಿವೆ. ಕಾರ್ಮಿಕರ ತಾಣವೊಂದು ಕಲೆಯ ತಾಣವಾಗುವ ಬದಲಾವಣೆ ಪಶ್ಚಿಮ ಬೆಂಗಳೂರಿನಲ್ಲಿ ಆದದ್ದು ಹೀಗೆ. ಯಾರೂ ಯೋಜನೆ ಹಾಕಲಿಲ್ಲ, ಯಾರೂ ಟೇಪು ಕತ್ತರಿಸಲಿಲ್ಲ.

ನಗರದ ಪಶ್ಚಿಮದಲ್ಲಿ ಮಿಲ್ಲುಗಳು ಬಂದದ್ದು 19ನೇ ಶತಮಾನದ ಕೊನೆಗೆ. ಬೆಂಗಳೂರು ಉಲ್ಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್ ಶುರುವಾದದ್ದು 1884ರಲ್ಲಿ. ಎರಡೇ ವರ್ಷದಲ್ಲಿ, 1886ಕ್ಕೆ, ಅದರ ಆಡಳಿತ ಮದ್ರಾಸಿನ ಬಿನ್ನಿ ಕಂಪನಿಯ ಕೈಗೆ ಹೋಯಿತು. ಜನ ಉದ್ದದ ಹೆಸರನ್ನು ಮರೆತು ಬಿನ್ನಿ ಮಿಲ್ ಎಂದರು, ಸುತ್ತಲ ಬಡಾವಣೆ ಬಿನ್ನಿಪೇಟೆ ಆಯಿತು, ಮುಂದೆ ವಿಜಯನಗರದ ಪಕ್ಕದಲ್ಲೊಂದು ಬಿನ್ನಿ ಲೇಔಟೂ ಹುಟ್ಟಿತು. ಅದೇ ಕಾಲದಲ್ಲಿ ಮಲ್ಲೇಶ್ವರದ ಅಂಚಿನಲ್ಲಿ ಮೈಸೂರು ಸ್ಪಿನ್ನಿಂಗ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿಯ ಗಿರಣಿ ಬಂತು. ಅದು ರಾಜಾ ಮಿಲ್. 1905ರಲ್ಲಿ ಶಿವನಸಮುದ್ರದ ವಿದ್ಯುತ್ ಬೆಂಗಳೂರಿಗೆ ಮುಟ್ಟಿತು. ಮೊದಲ ಮಹಾಯುದ್ಧ ಸೈನಿಕರ ಕಂಬಳಿ, ಖಾಕಿಗೆ ಬೇಡಿಕೆ ತಂದಿತು. ಸಾಲಿನಲ್ಲಿ ಕೊನೆಯದಾಗಿ ಬಂದ ದೊಡ್ಡ ಗಿರಣಿ ಮಿನರ್ವ. ಈ ಮೂರು ಮಿಲ್ಲುಗಳ ಸೈರನ್ನಿನ ಮೇಲೆ ಪೇಟೆಯ ಪಶ್ಚಿಮ ಭಾಗದ ದಿನಚರಿ ನಿಂತಿತ್ತು. ಕೆಲಸಕ್ಕೆ ಬಂದವರು ಸುತ್ತಲ ಹಳ್ಳಿಗಳ ಕನ್ನಡಿಗರು, ತಮಿಳರು, ತೆಲುಗರು, ಉರ್ದು ಮಾತಿನವರು. ಪಾಳಿ ಮುಗಿಸಿ ಹೊಲದ ಕೆಲಸಕ್ಕೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಹಳ್ಳಿಗಳಿದ್ದವು.

ಈ ಕಾರ್ಮಿಕರಿಗೆ ಬಹುಕಾಲ ಸಂಘ ಕಟ್ಟುವ ಕಾನೂನುಬದ್ಧ ಹಕ್ಕೇ ಇರಲಿಲ್ಲ. ಬಿನ್ನಿ ಕಂಪನಿಯದೇ ಆಡಳಿತದಲ್ಲಿದ್ದ ಮದ್ರಾಸಿನ ಪೆರಂಬೂರಿನ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಮಿಲ್ಲುಗಳ ಕೆಲಸಗಾರರು 1918ರ ಏಪ್ರಿಲ್‌ನಲ್ಲಿ ಮದ್ರಾಸ್ ಲೇಬರ್ ಯೂನಿಯನ್ ಕಟ್ಟಿದರು. ಬಿ.ಪಿ. ವಾಡಿಯಾ ಅದರ ಅಧ್ಯಕ್ಷರು. ದೇಶದ ಮೊದಲ ಸಂಘಟಿತ ಕಾರ್ಮಿಕ ಸಂಘ ಎಂದು ಇತಿಹಾಸಕಾರರು ಎಣಿಸುವುದು ಅದನ್ನೇ. ಅದೇ ಧಣಿಯ ಬೆಂಗಳೂರು ಗಿರಣಿಯಲ್ಲಿ ಅದು ಸಾಧ್ಯವಾಗಲಿಲ್ಲ, ಏಕೆಂದರೆ ನಡುವೆ ಮೈಸೂರು ಸಂಸ್ಥಾನದ ಗಡಿ ಇತ್ತು. ಬ್ರಿಟಿಷ್ ಭಾರತದ 1926ರ ಟ್ರೇಡ್ ಯೂನಿಯನ್ ಕಾಯಿದೆ ಸಂಸ್ಥಾನಕ್ಕೆ ಅನ್ವಯಿಸುತ್ತಿರಲಿಲ್ಲ. ಕಬ್ಬನ್ ಪಾರ್ಕಿನ ಆಚೆಯ ದಂಡು ಪ್ರದೇಶದಲ್ಲಿ ಬ್ರಿಟಿಷ್ ಆಡಳಿತ, ಈಚೆಯ ಪೇಟೆಯಲ್ಲಿ ಮಹಾರಾಜರ ಆಡಳಿತ. ಮಿಲ್ಲುಗಳಿದ್ದದ್ದು ಈಚೆ. ಮೈಸೂರು ಸರ್ಕಾರ ಕಾರ್ಮಿಕ ಸಂಘಗಳಿಗೆ ಕಾನೂನಿನ ಮನ್ನಣೆ ಕೊಟ್ಟದ್ದು 1941ರ ತುರ್ತು ಶಾಸನದಲ್ಲಿ, ಆಮೇಲೆ 1942ರ ಕಾರ್ಮಿಕ ಕಾಯಿದೆಯಲ್ಲಿ. ಕೈಗಾರಿಕೆ ತರುವುದರಲ್ಲಿ ಮಾದರಿ ಎನಿಸಿಕೊಂಡ ಸಂಸ್ಥಾನ ಈ ಒಂದು ವಿಷಯದಲ್ಲಿ ನೆರೆಯ ಮದ್ರಾಸಿಗಿಂತ ಒಂದೂವರೆ ದಶಕ ಹಿಂದೆ ಉಳಿಯಿತು.

ಕಾಯಿದೆ ಇರಲಿಲ್ಲ ಎಂದರೆ ಚಳವಳಿ ಇರಲಿಲ್ಲ ಎಂದಲ್ಲ. 1920ರ ದಶಕದಲ್ಲೇ ಬಿನ್ನಿ ಮಿಲ್ಲಿನಲ್ಲಿ ಮುಷ್ಕರ ನಡೆದಿತ್ತು. ವಕೀಲರೂ ಕಾಂಗ್ರೆಸ್ ನಾಯಕರೂ ಆದ ಕೆ.ಟಿ. ಭಾಷ್ಯಂ ಗಿರಣಿ ಕಾರ್ಮಿಕರ ಪರ ನಿಂತರು. 1947ರಲ್ಲಿ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರ ಬಂದಾಗ ಮಂತ್ರಿಯೂ ಆದರು. ನಗರದಲ್ಲಿ ಅವರ ಹೆಸರಿನ ವೃತ್ತ, ಉದ್ಯಾನಗಳಿವೆ, ಅಲ್ಲಿ ಬಸ್ಸಿಗೆ ಕಾಯುವ ಬಹಳ ಜನರಿಗೆ ಹೆಸರಿನ ಹಿಂದಿನ ಮಿಲ್ಲಿನ ಕಥೆ ಗೊತ್ತಿಲ್ಲ. ಸಂಸ್ಥಾನ ಕಾಲದ ಗಿರಣಿ ಮತ್ತು ಕೋಲಾರ ಚಿನ್ನದ ಗಣಿ ಕಾರ್ಮಿಕರ ಬದುಕನ್ನು ಕೂಲಂಕಷವಾಗಿ ದಾಖಲಿಸಿದ ಕೃತಿ ಜಾನಕಿ ನಾಯರ್ ಅವರ ‘ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್’ (1998).

ಸಂಘಕ್ಕೇ ಮನ್ನಣೆ ಇಲ್ಲದ ಮೇಲೆ ಸಂಘಕ್ಕೊಂದು ಕಟ್ಟಡ ಬರುವುದಾದರೂ ಎಲ್ಲಿಂದ? ಸೇರಲು ಇದ್ದದ್ದು ಮೈದಾನ, ಗರಡಿ ಮನೆ, ಭಜನೆ ಮನೆ. ಎಲ್ಲಕ್ಕಿಂತ ಮುಖ್ಯವಾಗಿ ಮಿಲ್ಲಿನ ಗೇಟು. ಮನ್ನಣೆ ಸಿಕ್ಕ ಮೇಲೂ ಈ ರೂಢಿ ಬದಲಾಗಲಿಲ್ಲ. ಗೇಟ್ ಮೀಟಿಂಗಿಗೆ ಅದರದೇ ಲೆಕ್ಕಾಚಾರವಿತ್ತು. ಒಂದು ಪಾಳಿ ಹೊರಗೆ ಬರುವ, ಇನ್ನೊಂದು ಒಳಗೆ ಹೋಗುವ ಹೊತ್ತಿನಲ್ಲಿ ಮಾತ್ರ ಎರಡೂ ಕಡೆಯವರು ಒಟ್ಟಿಗೆ ಸಿಗುತ್ತಾರೆ. ಹೊರಬಂದವನಿಗೆ ಮನೆಯ ಅವಸರ, ಒಳಹೋಗುವವನಿಗೆ ಹಾಜರಿಯ ಅವಸರ. ಆ ಸಂದಿನಲ್ಲಿ ಬೋನಸ್ಸು, ತುಟ್ಟಿಭತ್ಯೆ, ಬದಲಿ ಕಾರ್ಮಿಕರ ಕಾಯಮಾತಿ ಎಲ್ಲ ಹೇಳಿ ಮುಗಿಸಬೇಕು. ಹತ್ತಿಯ ಧೂಳು ತಲೆಗೂದಲಿಗೆ ಅಂಟಿದ ಜನ ನಿಂತೇ ಕೇಳಿ, ನಿಂತೇ ಕೈ ಎತ್ತಿ ಹೋಗುತ್ತಿದ್ದರು. ಬೆಂಗಳೂರಿನ ಕಾರ್ಮಿಕ ಚಳವಳಿಯ ಸಭಾಂಗಣವೆಂದು ಯಾವುದನ್ನಾದರೂ ತೋರಿಸುವುದಾದರೆ ಆ ಗೇಟಿನ ಮುಂದಿನ ರಸ್ತೆಯನ್ನೇ ತೋರಿಸಬೇಕು.

ಯುರೋಪು, ಆಸ್ಟ್ರೇಲಿಯಾಗಳಲ್ಲಿ ಕಾರ್ಮಿಕರ ಸಭಾಂಗಣದ ಕಥೆ ಬೇರೆ ದಾರಿ ಹಿಡಿಯಿತು. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಕೆಲಸಗಾರರು 1879ರಲ್ಲೇ ತಮ್ಮದೇ ಸಭಾಭವನ ಕಟ್ಟಿಕೊಂಡರು. ಬಾಡಿಗೆಗೆ ಸಭಾಂಗಣ ಕೊಡಲು ಯಾರೂ ಮುಂದೆ ಬಾರದ ಕಾಲವದು. ನೂರು ವರ್ಷದ ಬಳಿಕ, 1980ರ ದಶಕದಲ್ಲಿ, ಅದೇ ಭವನ ಕಾರ್ಮಿಕರ ವಸ್ತು ಸಂಗ್ರಹಾಲಯವಾಯಿತು. ಬ್ರಸೆಲ್ಸ್‌ನ ಕಾರ್ಮಿಕರು ವಿಕ್ಟರ್ ಹೋರ್ಟಾ ಎಂಬ ಹೆಸರಾಂತ ವಾಸ್ತುಶಿಲ್ಪಿಯಿಂದ ಕಬ್ಬಿಣ, ಗಾಜಿನ ‘ಜನರ ಮನೆ’ ಕಟ್ಟಿಸಿದ್ದು 1899ರಲ್ಲಿ. ಆ ಕಾಲದ ಶ್ರೇಷ್ಠ ಕಟ್ಟಡಗಳಲ್ಲಿ ಒಂದೆನಿಸಿದ ಅದನ್ನು 1965ರಲ್ಲಿ ಒಡೆದು ಬಹುಮಹಡಿ ಕಟ್ಟಡ ಎಬ್ಬಿಸಲಾಯಿತು. ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಟ್ರೇಡ್ಸ್ ಹಾಲ್‌ನಲ್ಲಿ ಇಂದಿಗೂ ಯೂನಿಯನ್ ಕಚೇರಿಗಳಿವೆ, ಅದೇ ಸೂರಿನಡಿ ನಾಟಕ, ಹಾಸ್ಯೋತ್ಸವ ನಡೆಯುತ್ತವೆ. ಅಲ್ಲೆಲ್ಲ ಕಟ್ಟಡ ಕೆಲಸಗಾರರ ಚಂದಾ ಹಣದ್ದು. ಅದನ್ನು ಉಳಿಸುವ, ಮಾರುವ, ಬಾಡಿಗೆಗೆ ಕೊಡುವ ಮಾತಿನಲ್ಲಿ ಅವರಿಗೆ ಒಂದು ಧ್ವನಿ ಇತ್ತು. ಮಾಗಡಿ ರಸ್ತೆಯಲ್ಲಿ ಕಟ್ಟಡ ಮಾಲೀಕರದ್ದು, ಆಮೇಲೆ ಸರ್ಕಾರದ್ದು. ಕಾರ್ಮಿಕರ ಪಾಲಿಗೆ ಇದ್ದದ್ದು ಅದರ ಎದುರಿನ ರಸ್ತೆ ಮಾತ್ರ. ಮುಂದೆ ಆದದ್ದೆಲ್ಲ ಈ ವ್ಯತ್ಯಾಸದಿಂದಲೇ ಆಯಿತು.

ಮಿನರ್ವ ಮಿಲ್ ಸರ್ಕಾರದ ಕೈಗೆ ಹೋದ ಕಥೆ ದೇಶದ ಸಂವಿಧಾನದ ಕಥೆಯೂ ಹೌದು. ಉತ್ಪಾದನೆ ಕುಸಿಯುತ್ತಿದೆ ಎಂಬ ಅನುಮಾನದ ಮೇಲೆ ಕೇಂದ್ರ ಸರ್ಕಾರ 1970ರ ಆಗಸ್ಟ್‌ನಲ್ಲಿ ಕಂಪನಿಯ ವ್ಯವಹಾರ ತನಿಖೆಗೆ ಸಮಿತಿ ನೇಮಿಸಿತು. ಸಮಿತಿಯ ವರದಿ ಬಂದ ಮೇಲೆ, 1971ರ ಅಕ್ಟೋಬರ್‌ನಲ್ಲಿ, ಮಿಲ್ಲಿನ ಆಡಳಿತವನ್ನು ರಾಷ್ಟ್ರೀಯ ಜವಳಿ ನಿಗಮಕ್ಕೆ (ಎನ್‌ಟಿಸಿ) ಒಪ್ಪಿಸಿತು. 1974ರ ಶಾಸನ ದೇಶದ 103 ರೋಗಗ್ರಸ್ತ ಜವಳಿ ಗಿರಣಿಗಳನ್ನು ರಾಷ್ಟ್ರೀಕರಿಸಿದಾಗ ಮಿನರ್ವವೂ ಆ ಪಟ್ಟಿಯಲ್ಲಿತ್ತು. ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರು. ವಕೀಲರು ನಾನಿ ಪಾಲ್ಖಿವಾಲಾ. ವಾದ ಮಿಲ್ಲನ್ನು ದಾಟಿ ತುರ್ತು ಪರಿಸ್ಥಿತಿಯ ಕಾಲದ 42ನೇ ತಿದ್ದುಪಡಿಗೆ ಮುಟ್ಟಿತು. ಆ ತಿದ್ದುಪಡಿಯ 55ನೇ ಕಲಂ ಪ್ರಕಾರ ಸಂವಿಧಾನ ತಿದ್ದುವ ಸಂಸತ್ತಿನ ಅಧಿಕಾರಕ್ಕೆ ಮಿತಿಯೇ ಇಲ್ಲ. 4ನೇ ಕಲಂ ಪ್ರಕಾರ ರಾಜ್ಯ ನಿರ್ದೇಶಕ ತತ್ವಗಳ ಜಾರಿಗೆಂದು ತಂದ ಕಾನೂನನ್ನು ಸಮಾನತೆ, ಸ್ವಾತಂತ್ರ್ಯದ ಮೂಲಭೂತ ಹಕ್ಕುಗಳ ಹೆಸರಿನಲ್ಲಿ ಪ್ರಶ್ನಿಸುವಂತಿಲ್ಲ. ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ಅವರ ಐವರ ಪೀಠ 1980ರಲ್ಲಿ ಎರಡನ್ನೂ ರದ್ದು ಮಾಡಿತು. 55ನೇ ಕಲಂ ವಿಷಯದಲ್ಲಿ ಐವರೂ ಒಂದೇ ಮಾತು, 4ನೆಯದಕ್ಕೆ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರೊಬ್ಬರ ಭಿನ್ನಮತ.

ಇದಕ್ಕೆ ಬುನಾದಿ ಹಾಕಿದ್ದ 1973ರ ಕೇಶವಾನಂದ ಭಾರತಿ ತೀರ್ಪೂ ಕನ್ನಡ ನೆಲಕ್ಕೇ ಸೇರಿದ್ದು. ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ ಭೂಸುಧಾರಣೆಯ ವಿರುದ್ಧ ಹೋಗಿ ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಬದಲಿಸುವಂತಿಲ್ಲ ಎಂಬ ತತ್ವಕ್ಕೆ ಕಾರಣರಾದರು.  ಮಠದ ಜಮೀನು ಒಂದು ಕಡೆ, ಮಾಗಡಿ ರಸ್ತೆಯ ಮಿಲ್ಲು ಇನ್ನೊಂದು ಕಡೆ, ಎರಡೂ ಮೊಕದ್ದಮೆಗೆ ಅದೇ ಪಾಲ್ಖಿವಾಲಾ. ಕೇಸು ಹೂಡಿದವರಿಗೆ ಕೇಳಿದ ಆಸ್ತಿ ದಕ್ಕಲಿಲ್ಲ ಎಂಬುದೂ ಎರಡರಲ್ಲಿ ಸಮಾನ. ಮಿನರ್ವದ ರಾಷ್ಟ್ರೀಕರಣವನ್ನು ಪ್ರಶ್ನಿಸಿದ ಭಾಗವನ್ನು ಸುಪ್ರೀಂ ಕೋರ್ಟ್ 1986ರಲ್ಲಿ ಬೇರೆಯಾಗಿ ತೀರ್ಮಾನಿಸಿ 1974ರ ಶಾಸನವನ್ನು ಎತ್ತಿಹಿಡಿಯಿತು. ಮಿಲ್ಲು ಸರ್ಕಾರದ ಬಳಿಯೇ ಉಳಿಯಿತು.

ಈ ಇಡೀ ವ್ಯಾಜ್ಯದಲ್ಲಿ ಗಿರಣಿಯೊಳಗೆ ದುಡಿಯುತ್ತಿದ್ದವರ ಹೆಸರು ಮುಖ್ಯ ಪಾತ್ರದಲ್ಲಿ ಎಲ್ಲೂ ಇಲ್ಲ. ಕೇಸು ಮಾಲೀಕರಿಗೂ ಸರ್ಕಾರಕ್ಕೂ ನಡುವಿನದು. ಆದರೆ ಅದೇ 42ನೇ ತಿದ್ದುಪಡಿ ಸಂವಿಧಾನಕ್ಕೆ 43ಎ ಎಂಬ ವಿಧಿಯನ್ನೂ ಸೇರಿಸಿತ್ತು: ಕೈಗಾರಿಕೆಯ ಆಡಳಿತದಲ್ಲಿ ಕಾರ್ಮಿಕರು ಪಾಲ್ಗೊಳ್ಳುವಂತೆ ಸರ್ಕಾರ ಕ್ರಮ ಕೈಗೊಳ್ಳಬೇಕು ಎಂಬ ನಿರ್ದೇಶನ. ಅದನ್ನು ಯಾರೂ ರದ್ದು ಮಾಡಲಿಲ್ಲ, ಅದು ಇವತ್ತಿಗೂ ಪುಸ್ತಕದಲ್ಲಿದೆ. ಎನ್‌ಟಿಸಿ ಗಿರಣಿಗಳ ಭವಿಷ್ಯ ತೀರ್ಮಾನವಾಗುವ ದಿನ ಬಂದಾಗ ಅದರಿಂದ ಯಾರಿಗೂ ಉಪಯೋಗವಾಗಲಿಲ್ಲ ಎಂಬುದು ಬೇರೆ ಮಾತು.

ಅಷ್ಟರಲ್ಲಿ ನಗರದ ಕಾರ್ಮಿಕ ಚಳವಳಿಯ ಬಲ ಬಟ್ಟೆ ಗಿರಣಿಗಳಿಂದ ಸಾರ್ವಜನಿಕ ವಲಯದ ಕಾರ್ಖಾನೆಗಳಿಗೆ ಸರಿದಿತ್ತು. 1980ರ ಡಿಸೆಂಬರ್ ಕೊನೆಗೆ ಐಟಿಐ, ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಬಿಇಎಂಎಲ್ ಕಾರ್ಖಾನೆಗಳ ಕೆಲಸಗಾರರು ಒಟ್ಟಾಗಿ ಹೂಡಿದ ಮುಷ್ಕರ 77 ದಿನ ನಡೆಯಿತು. ಬೆಂಗಳೂರು ಕಂಡ ಅತಿ ದೊಡ್ಡ ಮುಷ್ಕರಗಳಲ್ಲಿ ಅದೊಂದು. ಆ ಕಾರ್ಖಾನೆಗಳಲ್ಲಿ ಕನ್ನಡ ಸಂಘಗಳಿದ್ದವು, ರಾಜ್ಯೋತ್ಸವಗಳಿದ್ದವು, ಪಾಳಿ ಮುಗಿಸಿ ಬಂದು ನಾಟಕದ ತಾಲೀಮು ಮಾಡುವ ಹವ್ಯಾಸಿಗಳಿದ್ದರು. 1975ರಲ್ಲಿ ಹುಟ್ಟಿದ ‘ಸಮುದಾಯ’ ರಂಗತಂಡ ಗಾರ್ಕಿಯ ಕಾದಂಬರಿ ಮೂಲದ ‘ತಾಯಿ’ಯನ್ನು ರಂಗಕ್ಕೆ ತಂದಿತು, ‘ಬೆಲ್ಚಿ’ಯಂಥ ಬೀದಿ ನಾಟಕಗಳನ್ನು ಊರೂರಿಗೆ ಒಯ್ದಿತು. ಬೀದಿ ನಾಟಕಕ್ಕೆ ಬೇಕಾದದ್ದೂ ಗೇಟ್ ಮೀಟಿಂಗಿಗೆ ಬೇಕಾದದ್ದೂ ಒಂದೇ: ನಿಲ್ಲಲು ಒಂದಿಷ್ಟು ಜಾಗ, ಅರ್ಧ ಗಂಟೆ ಪುರುಸೊತ್ತಿರುವ ಜನ, ಮೈಕ್ ಇಲ್ಲದೆಯೂ ಕೇಳುವ ಗಂಟಲು. ಕಾರ್ಮಿಕ ಚಳವಳಿ ಸಂಸ್ಕೃತಿಯನ್ನು ನಿಜಕ್ಕೂ ಮುಟ್ಟಿದ ಹೊತ್ತು ಅದೊಂದೇ, ಮತ್ತು ಅದಕ್ಕೆ ಕಟ್ಟಡ ಬೇಕಾಗಿರಲಿಲ್ಲ. ಕಟ್ಟಡ ಇಲ್ಲದ್ದರಿಂದಲೇ ಅದರ ಗುರುತು ಇಂದು ಹುಡುಕಿದರೂ ಸಿಗುವುದಿಲ್ಲ.

ಮಿಲ್ಲುಗಳು ಒಂದೊಂದಾಗಿ ಕಣ್ಣು ಮುಚ್ಚಿದವು. ಹಳೆಯ ಯಂತ್ರ, ಪವರ್‌ಲೂಮಿನ ಪೈಪೋಟಿ, ಕೃತಕ ನೂಲು, ಏರುತ್ತಲೇ ಹೋದ ಸಾಲ, ಇವೆಲ್ಲ ಕಾರಣಗಳೇ. ಆದರೆ ನಗರದ ನಡುವಿನ ಮಿಲ್ಲಿನ ಕೆಳಗಿನ ನೆಲದ ಬೆಲೆ ಮಿಲ್ಲು ನೇಯುವ ಬಟ್ಟೆಗಿಂತ ಎಷ್ಟೋ ಪಟ್ಟು ಹೆಚ್ಚಾದ ಮೇಲೆ ಉಳಿದ ಕಾರಣಗಳಿಗೆ ಕೆಲಸವೇ ಇರಲಿಲ್ಲ. ಎನ್‌ಟಿಸಿಯ ಪುನಶ್ಚೇತನ ಯೋಜನೆಯೇ ಹೆಚ್ಚುವರಿ ಜಮೀನು ಮಾರಿ ಆ ಹಣದಲ್ಲಿ ಕೆಲವು ಗಿರಣಿ ಉಳಿಸುವುದು, ಮಿಕ್ಕವರಿಗೆ ಸ್ವಯಂ ನಿವೃತ್ತಿ ಕೊಡುವುದು ಎಂಬ ಲೆಕ್ಕದ ಮೇಲೆ ನಿಂತಿತ್ತು. ರಾಜಾ ಮಿಲ್ಲಿನ ಜಾಗದಲ್ಲಿ ಮಂತ್ರಿ ಸ್ಕ್ವೇರ್ ಮಾಲ್ ಎದ್ದಿತು. ಪಕ್ಕದ ಮೆಟ್ರೊ ನಿಲ್ದಾಣಕ್ಕೂ ಮಾಲ್‌ನ ಹೆಸರೇ ಬಂತು, ಶತಮಾನ ಕಾಲ ಆ ಜಾಗವನ್ನು ಗುರುತಿಸಿದ ಮಿಲ್ಲಿನ ಹೆಸರಲ್ಲ. ಬಿನ್ನಿ ಮಿಲ್ಲಿನ ಆವರಣದಲ್ಲಿ ಮಾಲ್ ಮತ್ತು ಗಗನಚುಂಬಿ ವಸತಿ ಸಂಕೀರ್ಣಗಳು. ರಾಜಾಜಿನಗರದಂಚಿನ ಕಿರ್ಲೋಸ್ಕರ್ ಕಾರ್ಖಾನೆಯ ಜಾಗದಲ್ಲಿ ಓರಿಯನ್ ಮಾಲ್. ಮಿನರ್ವದ ಹೆಸರು ಊರು ಬಿಟ್ಟಿತು: ಹಾಸನದಲ್ಲಿ ಎನ್‌ಟಿಸಿ ‘ನ್ಯೂ ಮಿನರ್ವ ಮಿಲ್ಸ್’ ಎಂಬ ಹೊಸ ಗಿರಣಿ ಕಟ್ಟಿತು. ಅದಕ್ಕೂ ಹೆಚ್ಚು ಆಯುಸ್ಸು ಇರಲಿಲ್ಲ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ನಿಗಮದ ಗಿರಣಿಗಳೆಲ್ಲ ಒಟ್ಟಿಗೆ ನಿಂತವು, ಕಾರ್ಮಿಕರು ಸಂಬಳಕ್ಕಾಗಿ ಮತ್ತೆ ಗೇಟಿನ ಮುಂದೆ ಕೂತರು.

ಗೋಪಾಲಪುರದ ಹಳೆಯ ಆವರಣ ಮಾತ್ರ ಮಾಲೂ ಆಗದೆ, ಮಿಲ್ಲೂ ಆಗದೆ ಉಳಿಯಿತು. ಅದು ಸಿನಿಮಾದವರ ಕಣ್ಣಿಗೆ ಬಿದ್ದದ್ದು ಆಕಸ್ಮಿಕವಲ್ಲ. ಚಿತ್ರೋದ್ಯಮದ ಕಚೇರಿಗಳಿರುವ ಗಾಂಧಿನಗರ ಅಲ್ಲಿಂದ ಕೂಗಳತೆ. ಬೆಂಗಳೂರಿನಲ್ಲಿ ಸ್ಟುಡಿಯೋಗಳು ಮೊದಲಿನಿಂದಲೂ ಕಡಿಮೆ. ನಟ ಟಿ.ಎನ್. ಬಾಲಕೃಷ್ಣ ಕೆಂಗೇರಿ ಸಮೀಪ ಕಟ್ಟಿದ ಅಭಿಮಾನ್ ಸ್ಟುಡಿಯೋದಂಥವು ಬರುಬರುತ್ತ ಸೊರಗಿದವು. ದೊಡ್ಡ ಸೆಟ್ ಹಾಕಬೇಕೆಂದರೆ ಹೈದರಾಬಾದಿಗೆ ಹೋಗಬೇಕು, ಇಲ್ಲವೇ ಊರೊಳಗೆ ಎತ್ತರದ ಗೋಡೆಯ ಹಿಂದೆ ಖಾಲಿ ಬಿದ್ದ ಎಕರೆಗಟ್ಟಲೆ ಜಾಗ ಹುಡುಕಬೇಕು. ಅಂಥ ಜಾಗ ಎಂದರೆ ನಿಂತ ಕಾರ್ಖಾನೆಗಳೇ. ಮಿನರ್ವ, ಬಿನ್ನಿ, ಬಲ್ಬು ತಯಾರಿಸುತ್ತಿದ್ದ ಮೈಸೂರ್ ಲ್ಯಾಂಪ್ಸ್ ಎಲ್ಲ ಹೀಗೆ ಚಿತ್ರೀಕರಣದ ತಾಣಗಳಾದವು.

ಗಿರಣಿ ಶೆಡ್ಡಿನ ಕಟ್ಟಡವೂ ಕ್ಯಾಮೆರಾಕ್ಕೆ ಹೇಳಿ ಮಾಡಿಸಿದಂಥದ್ದು. ಹಳೆಯ ನೂಲು ಗಿರಣಿಗಳ ಚಾವಣಿ ಗರಗಸದ ಹಲ್ಲಿನಂತೆ ಏರಿಳಿಯುತ್ತದೆ. ಪ್ರತಿ ಹಲ್ಲಿನ ಕಡಿದಾದ ಮುಖಕ್ಕೆ ಗಾಜು, ಆ ಮುಖ ಉತ್ತರಕ್ಕೆ. ನಮ್ಮ ಅಕ್ಷಾಂಶದಲ್ಲಿ ಉತ್ತರದ ಕಿಟಕಿಯಿಂದ ವರ್ಷದ ಬಹುಪಾಲು ನೇರ ಬಿಸಿಲು ಬೀಳುವುದಿಲ್ಲ, ಬರುವುದು ಆಕಾಶದ ಸಮಬೆಳಕು. ಕದಿರಿನ ಸಾಲಿನಲ್ಲಿ ಎಲ್ಲೋ ಒಂದೆಳೆ ಕಡಿದರೆ ಕೆಲಸಗಾರನ ಕಣ್ಣಿಗೆ ತಕ್ಷಣ ಕಾಣಬೇಕು, ಅವನ ನೆರಳು ನೂಲಿನ ಮೇಲೆ ಬೀಳಬಾರದು ಎಂಬುದು ಆ ರಚನೆಯ ಉದ್ದೇಶ. ಛಾಯಾಗ್ರಾಹಕ ಕೇಳುವುದೂ ಅದನ್ನೇ: ಬೆಳಗಿನಿಂದ ಸಂಜೆವರೆಗೆ ಹೆಚ್ಚು ಬದಲಾಗದ, ಗಾಢ ನೆರಳಿಲ್ಲದ ಬೆಳಕು. ಯಂತ್ರ ಕಿತ್ತ ಮೇಲೆ ಉಳಿಯುವ ಉದ್ದನೆಯ ಅಂಗಳ, ಸಾಲುಗಂಬ, ಎಣ್ಣೆ ಕುಡಿದು ಕಪ್ಪಾದ ನೆಲ, ತುಕ್ಕು ಹಿಡಿದ ಕಬ್ಬಿಣ, ಇವು ಖಳನಾಯಕನ ಅಡ್ಡೆಗೆ ಖರ್ಚಿಲ್ಲದ ಅಲಂಕಾರ. ಕಳೆದ ಎರಡು ದಶಕಗಳ ಕನ್ನಡ ಆ್ಯಕ್ಷನ್ ಚಿತ್ರಗಳಲ್ಲಿ ಹೊಡೆದಾಟಗಳು ಪಾಳು ಕಾರ್ಖಾನೆಗಳಲ್ಲೇ ಏಕೆ ನಡೆಯುತ್ತವೆ ಎಂದು ಕೇಳುವವರಿಗೆ ಕಥೆಗಾರರು ಕೊಡುವ ಉತ್ತರಕ್ಕಿಂತ ಬಾಡಿಗೆ ರಸೀದಿ ಕೊಡುವ ಉತ್ತರ ಚೊಕ್ಕವಾಗಿದೆ.

ಹೀಗೆ ಬಂದ ಸಂಸ್ಕೃತಿಗೆ ಜಾಗದ ನೆನಪಿನ ಹಂಗಿಲ್ಲ. ಪರದೆಯ ಮೇಲೆ ಮಿಲ್ಲು ಬಂದರೂ ಮಿಲ್ಲಾಗಿ ಬರುವುದು ಅಪರೂಪ. ಅದು ಬಂದೀಖಾನೆ, ಬಂದರು, ಇಲ್ಲವೇ ಹೆಸರಿಲ್ಲದ ಗೋದಾಮು. ಪರದೆಯ ಹೊರಗೂ ಮಿಲ್ಲಿನ ನೆನಪಿಗೆ ಇಲ್ಲಿ ಜಾಗ ಸಿಕ್ಕಿಲ್ಲ. ಮುಂಬೈಯಲ್ಲಿ 1982ರ ಜನವರಿಯಲ್ಲಿ ದತ್ತಾ ಸಾಮಂತ್ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿ ಸೋತರು. ಆದರೂ ಅಲ್ಲಿ ಕಾಳಾಚೌಕಿಯ ಇಂಡಿಯಾ ಯುನೈಟೆಡ್ ಮಿಲ್ಲಿನ ಜಾಗದಲ್ಲಿ ಜವಳಿ ಸಂಗ್ರಹಾಲಯ ಮಾಡುವ ಯೋಜನೆಯನ್ನು ಮಹಾನಗರ ಪಾಲಿಕೆ ಕೈಗೆತ್ತಿಕೊಂಡಿತು. ಬೆಂಗಳೂರಿನ ಬಟ್ಟೆ ಗಿರಣಿಗಳಿಗೆ ಅಷ್ಟೂ ಆಗಲಿಲ್ಲ. ನಗರದಲ್ಲಿ ಕಾರ್ಖಾನೆಯ ನೆನಪಿಗೆ ಇರುವ ಒಳ್ಳೆಯ ತಾಣ ಜಾಲಹಳ್ಳಿಯ ಎಚ್‌ಎಂಟಿ ಪರಂಪರಾ ಕೇಂದ್ರ. ಅಲ್ಲಿ ಕೈಗಡಿಯಾರಗಳು, ಟ್ರ್ಯಾಕ್ಟರು, ಯಂತ್ರಗಳನ್ನು ಅಚ್ಚುಕಟ್ಟಾಗಿ ಜೋಡಿಸಿದ್ದಾರೆ. ಅದು ಕಂಪನಿ ತನ್ನ ಬಗ್ಗೆ ಹೇಳಿಕೊಳ್ಳುವ ಕಥೆ, ಉತ್ಪನ್ನವೇ ನಾಯಕ. 77 ದಿನದ ಮುಷ್ಕರಕ್ಕೆ ಅಂಥ ಕಪಾಟು ಎಲ್ಲೂ ಸಿಕ್ಕಿಲ್ಲ. 1936ರಲ್ಲಿ ಶುರುವಾಗಿ ಈ ಶತಮಾನದ ಆರಂಭದಲ್ಲಿ ಬಾಗಿಲು ಹಾಕಿದ ಮೈಸೂರ್ ಲ್ಯಾಂಪ್ಸ್ ಕಾರ್ಖಾನೆಯ ಸುಮಾರು 21 ಎಕರೆ ಆವರಣವನ್ನು ಬೆಂಗಳೂರಿನ ಇತಿಹಾಸ, ಸಂಸ್ಕೃತಿ ಪರಿಚಯಿಸುವ ಕೇಂದ್ರ ಮಾಡುವುದಾಗಿ ರಾಜ್ಯ ಸರ್ಕಾರ ಹೇಳಿದೆ. ಬಲ್ಬು ತಯಾರಿಸಿದವರಿಗೆ ಅದರಲ್ಲಿ ಎಷ್ಟು ಗೋಡೆ ಸಿಗುತ್ತದೆ ಎಂಬುದರ ಮೇಲೆ ಆ ಕೇಂದ್ರದ ಯೋಗ್ಯತೆ ತಿಳಿಯಲಿದೆ.

ಸೆಟ್ ಹಾಕುವ ಕಾಲದಲ್ಲೂ ಮಿಲ್ಲಿನ ಅಂಗಳದಲ್ಲಿ ದುಡಿಮೆ ನಿಂತಿಲ್ಲ. ಪ್ಲೈವುಡ್ ಕೊಯ್ಯುವ ಬಡಗಿಗಳು, ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಕಲ್ಲುಕಂಬ ಎರೆಯುವವರು, ಹೊಸ ಗೋಡೆಗೆ ಹಳೆಯ ಬಣ್ಣ ಬಳಿಯುವ ಪೇಂಟರುಗಳು, ದೀಪ ಹೊರುವ ಲೈಟ್‌ಬಾಯ್‌ಗಳು, ಅಡುಗೆಯವರು, ಸಹಕಲಾವಿದರು ಬೆಳಗಿನ ಕಾಲ್‌ಶೀಟಿಗೆ ಅದೇ ರಸ್ತೆಯಲ್ಲಿ ಬಂದಿಳಿಯುತ್ತಾರೆ. ಇವರಿಗೂ ವಿಭಾಗವಾರು ಸಂಘಗಳಿವೆ, ಅವುಗಳದೊಂದು ಒಕ್ಕೂಟವಿದೆ. ದಿನಗೂಲಿ, ಹೆಚ್ಚುವರಿ ಹೊತ್ತಿನ ಭತ್ಯೆ, ಅಪಘಾತ ಪರಿಹಾರ ಅವರ ಬೇಡಿಕೆಗಳು. ಗಿರಣಿ ಕಾರ್ಮಿಕನಿಗೆ ಇದ್ದ ಪಿಎಫ್, ಇಎಸ್‌ಐ, ಗ್ರ್ಯಾಚುಟಿ ಇವರಲ್ಲಿ ಹೆಚ್ಚಿನವರಿಗೆ ಇಲ್ಲ, ಏಕೆಂದರೆ ಇವರ ಮಾಲೀಕ ಸಿನಿಮಾದಿಂದ ಸಿನಿಮಾಕ್ಕೆ ಬದಲಾಗುತ್ತಾನೆ. 2024ರಲ್ಲಿ ರಾಜ್ಯ ವಿಧಾನಮಂಡಲ ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿ ಕಾಯಿದೆಯನ್ನು ಅಂಗೀಕರಿಸಿತು. ಸಿನಿಮಾ ಟಿಕೆಟ್ಟು, ಒಟಿಟಿ ಚಂದಾ ಮೇಲೆ ಶೇ 1ರಿಂದ 2ರವರೆಗೆ ಕರ ಹಾಕಿ, ಆ ಹಣದಲ್ಲಿ ನಿಧಿ ಸ್ಥಾಪಿಸಿ, ಮಂಡಳಿಯ ಮೂಲಕ ಇವರಿಗೆ ಸಾಮಾಜಿಕ ಭದ್ರತೆ ಕೊಡುವುದು ಅದರ ಉದ್ದೇಶ.